ಕತ್ತರಿ ಹಾಕುವ ಮೊದಲು ಮಳೆ ಲೆಕ್ಕ ಹಾಕಿ

ಗುಲಾಬಿಯನ್ನು ಫೆಬ್ರವರಿಯಲ್ಲಿ ಸವರಬೇಕು ಎಂದು ಒಂದು ವಿಡಿಯೋದಲ್ಲಿ ಹೇಳುತ್ತಾರೆ, ಅಕ್ಟೋಬರಿನಲ್ಲಿ ಎಂದು ಇನ್ನೊಂದರಲ್ಲಿ. ಎರಡೂ ಸುಳ್ಳಲ್ಲ. ಮೊದಲನೆಯದು ಹಿಮ ಬೀಳುವ ಊರಿನ ಮಾತು, ಎರಡನೆಯದು ನಮ್ಮ ಕಡೆಯದು. ಕರ್ನಾಟಕದ ಒಳಗೇ ಮಂಗಳೂರಿನ ದಿನ ಕಲಬುರಗಿಗೆ ಹೊಂದುವುದಿಲ್ಲ. ಆದ್ದರಿಂದ ತಿಂಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ, ಕತ್ತರಿ ಕೈಗೆತ್ತಿಕೊಳ್ಳುವಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಈ ಗಿಡ ಹೂ ಬಿಡುವುದು ಹೊಸ ಚಿಗುರಿನಲ್ಲೋ, ಬಲಿತ ಕಡ್ಡಿಯಲ್ಲೋ? ಕತ್ತರಿಸಿದ ಗಾಯ ಒಣಗಲು ಮುಂದೆ ಒಣಹವೆಯ ದಿನಗಳಿವೆಯೋ, ಇಲ್ಲವೋ?

ಹೂ ಎಲ್ಲಿ ಬಿಡುತ್ತದೆ?

ಹೂವಿನ ಕೆಳಗಿನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ನೋಡಿ. ಹಸಿರಾಗಿ, ಬಗ್ಗಿಸಿದರೆ ಬಾಗುವಂತಿದ್ದರೆ ಅದು ಈ ಸಲದ ಚಿಗುರು. ಕಂದು ತೊಗಟೆ ಕಟ್ಟಿ ಗಟ್ಟಿಯಾಗಿದ್ದರೆ ಹಿಂದಿನ ಬೆಳವಣಿಗೆ. ಗುಲಾಬಿ, ದಾಸವಾಳ, ದುಂಡುಮಲ್ಲಿಗೆ, ಕಾಗದದ ಹೂ, ಕಣಗಿಲೆ, ಸೀಬೆ, ನುಗ್ಗೆ ಇವೆಲ್ಲ ಹೊಸ ಚಿಗುರಿನ ಗಿಡಗಳು. ಇವನ್ನು ಸವರಿದರೆ ಚಿಗುರು ಬರುತ್ತದೆ, ಚಿಗುರಿನ ಜೊತೆ ಹೂವೂ ಬರುತ್ತದೆ. ಮಾವು, ದೇವಕಣಗಿಲೆ, ಮಡಿಕೇರಿ ಕಡೆಯ ಹೈಡ್ರೇಂಜಿಯಾ, ಅಜೇಲಿಯಾ ಹಾಗಲ್ಲ. ಬಲಿತ ಕಡ್ಡಿಯ ತುದಿಯಲ್ಲೇ ಇವುಗಳ ಹೂವು ಬಿಡುವುದು. ತಪ್ಪಿದ ಹೊತ್ತಿನಲ್ಲಿ ತುದಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ದೇವಕಣಗಿಲೆಯೊಂದನ್ನು ಬಿಟ್ಟರೆ ಇವಕ್ಕೆ ಒಂದೇ ನಿಯಮ: ಹೂವೋ ಹಣ್ಣೋ ಮುಗಿದ ಕೂಡಲೇ ಕೈಹಾಕಿ, ತಡಮಾಡಬೇಡಿ.

ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರು. ಅವರು ವರ್ಷಕ್ಕೆ ಎರಡು ಸಲ ಚಾಟ್ನಿ (ಬಳ್ಳಿ ಸವರುವುದಕ್ಕೆ ಅಲ್ಲಿಯ ಮಾತು) ಮಾಡುತ್ತಾರೆ, ಆದರೆ ಬೆಳೆ ತೆಗೆಯುವುದು ಒಂದೇ. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಒಂದೆರಡು ಕಣ್ಣಿಗೆ (ಕಡ್ಡಿಯಲ್ಲಿ ಚಿಗುರು ಏಳುವ ಮೊಗ್ಗಿಗೆ) ಮೊಟಕುಮಾಡಿ ಹೊಸ ಕಡ್ಡಿ ಎಬ್ಬಿಸುತ್ತಾರೆ. ಆ ಕಡ್ಡಿ ಬಲಿಯುತ್ತಾ ಅದರ ಕಣ್ಣಿನೊಳಗೆ ಗೊನೆಯ ಮೊಳಕೆ ಕಟ್ಟುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಅದೇ ಕಡ್ಡಿಯನ್ನು ಉದ್ದಕ್ಕೆ ಬಿಟ್ಟು ತುದಿ ಕತ್ತರಿಸಿದರೆ ಗೊನೆ ಹೊರಬಂದು ಫೆಬ್ರವರಿ, ಮಾರ್ಚ್‌ಗೆ ಕೊಯ್ಲು. ಮೊದಲ ಚಾಟ್ನಿ ಕಡ್ಡಿಗೆ, ಎರಡನೆಯದು ಹಣ್ಣಿಗೆ. ಮನೆ ಚಪ್ಪರದ ಒಂದೇ ಬಳ್ಳಿಗೂ ಇದೇ ಕ್ರಮ. ಅಕ್ಟೋಬರಿನಲ್ಲಿ ಮಾತ್ರ ಕತ್ತರಿಸಿ ಏಪ್ರಿಲ್ ಬಿಟ್ಟವರ ಚಪ್ಪರದಲ್ಲಿ ವರ್ಷವರ್ಷಕ್ಕೆ ಎಲೆ ಹೆಚ್ಚು, ಗೊನೆ ಕಡಿಮೆ.

ಬೆಂಗಳೂರು, ಮೈಸೂರು, ತುಮಕೂರು ಸುತ್ತ

ಇಲ್ಲಿ ಹಿಮವಿಲ್ಲ, ಸುಡುವ ಬಿಸಿಲೂ ಕಡಿಮೆ. ತೊಂದರೆ ಕೊಡುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆ. ಚಿತ್ತೆ ಮಳೆಯ ಅಬ್ಬರ ಇಳಿದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗೆ, ಗುಲಾಬಿಯ ದೊಡ್ಡ ಸವರುವಿಕೆ ಮುಗಿಸಿ. ಸವರಿದ 45ರಿಂದ 50 ದಿನಕ್ಕೆ ಹೂ ನಿರೀಕ್ಷಿಸಬಹುದು. ಇದನ್ನು ಹಿಂದಕ್ಕೆ ಎಣಿಸಿ ದಿನ ಗೊತ್ತುಮಾಡಲೂ ಬರುತ್ತದೆ: ಲಾಲ್‌ಬಾಗ್ ಪ್ರದರ್ಶನದ ಹೊತ್ತಿಗೆ, ಜನವರಿ 26ಕ್ಕೆ ಹೂ ಬೇಕಿದ್ದರೆ ಡಿಸೆಂಬರ್ 7ರಿಂದ 12ರೊಳಗೆ ಕತ್ತರಿ ಹಾಕಬೇಕು. ಚಳಿ ಜೋರಾದ ವರ್ಷ ಇನ್ನೂ ನಾಲ್ಕೈದು ದಿನ ಹಿಡಿಯುತ್ತದೆ.

ಸವರುವ ಕ್ರಮವನ್ನು ಒಂದು ಗಿಡದಲ್ಲಿ ನೋಡೋಣ. ನಾಲ್ಕೈದು ದಿನ ಮೊದಲೇ ನೀರು ನಿಲ್ಲಿಸಿ. ಮೊದಲು ಒಣಗಿದ್ದು, ಕಪ್ಪಾದದ್ದು, ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲ್‌ಗಿಂತ ಸಣಕಲಾದ ಕಡ್ಡಿ ಇವನ್ನೆಲ್ಲ ಬುಡಕ್ಕೇ ತೆಗೆಯಿರಿ. ಉಳಿದವುಗಳಲ್ಲಿ ನಾಲ್ಕೈದು ದಪ್ಪ ಕಡ್ಡಿ ಸಾಕು. ಅವನ್ನು ನೆಲದಿಂದ 45ರಿಂದ 60 ಸೆಂ.ಮೀ. ಎತ್ತರಕ್ಕೆ ತನ್ನಿ. ಹೊರಮುಖವಾಗಿರುವ ಒಂದು ಕಣ್ಣನ್ನು ಹುಡುಕಿ, ಅದರ ಅರ್ಧ ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸಿ. ಇಳಿಜಾರು ಕಣ್ಣಿನ ಆಚೆ ಬದಿಗಿರಲಿ, ನೀರು ಕಣ್ಣಿನ ಮೇಲೆ ನಿಲ್ಲಬಾರದು. ಒಂದೂವರೆ, ಎರಡು ಇಂಚು ಮೇಲೆ ಕತ್ತರಿಸಿದರೆ ಆ ತುಂಡು ಒಣಗಿ, ಒಣಗು ಕೆಳಗೂ ಇಳಿಯುತ್ತದೆ. ಕಣ್ಣಿಗೆ ತಾಗಿಸಿ ಕತ್ತರಿಸಿದರೆ ಕಣ್ಣೇ ಸಾಯುತ್ತದೆ. ಈಗ ಕತ್ತರಿಸಿದ ಮುಖವನ್ನು ನೋಡಿ: ನಡುವಿನ ತಿರುಳು ಬಿಳಿ ಇದ್ದರೆ ಸರಿ. ಕಂದು ಇದ್ದರೆ ರೋಗ ಆಗಲೇ ಕೆಳಗಿಳಿದಿದೆ. ಬಿಳಿ ತಿರುಳು ಕಾಣುವ ತನಕ ಕಣ್ಣಿನಿಂದ ಕಣ್ಣಿಗೆ ಇಳಿಯುತ್ತಾ ಕತ್ತರಿಸಿ, ಎತ್ತರದ ಲೆಕ್ಕ ಬಿಟ್ಟುಬಿಡಿ.

ಕಸಿಗಂಟಿನ ಕೆಳಗಿನಿಂದ ಎದ್ದ ಚಿಗುರು ನಾವು ಬಯಸಿದ ತಳಿಯದಲ್ಲ, ಅದನ್ನು ಕಸಿ ಕಟ್ಟಿದ ಬೇರುಗಿಡದ್ದು. ಎಷ್ಟು ಎಲೆ ಇದೆ ಎಂದು ಎಣಿಸಿ ತೀರ್ಮಾನಿಸಬೇಡಿ, ಒಳ್ಳೆಯ ತಳಿಗಳಲ್ಲೂ ಏಳೆಲೆ ಬರುವುದುಂಟು. ಮಣ್ಣು ಕೆದಕಿ ಚಿಗುರು ಎಲ್ಲಿಂದ ಹೊರಟಿದೆ ಎಂದು ನೋಡಿ, ಅಲ್ಲಿಂದಲೇ ಕಿತ್ತುಹಾಕಿ. ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತದೆ.

ದುಂಡುಮಲ್ಲಿಗೆಗೆ ಮೈಸೂರು ಕಡೆ ನವೆಂಬರ್ ಕೊನೆಯಿಂದ ಡಿಸೆಂಬರ್. ಹತ್ತು ಹದಿನೈದು ದಿನ ಮೊದಲೇ ನೀರು ಕಡಿಮೆ ಮಾಡಿ, ಹರಡಿದ ಕಡ್ಡಿಗಳನ್ನು ಒಂದು ಹಗ್ಗದಿಂದ ಸೇರಿಸಿ ಕಟ್ಟಿ, ನೆಲದಿಂದ 45ರಿಂದ 50 ಸೆಂ.ಮೀ. ಎತ್ತರಕ್ಕೆ ಒಂದೇ ಮಟ್ಟದಲ್ಲಿ ಕತ್ತರಿಸಿ, ಉಳಿದ ಎಲೆಗಳನ್ನೂ ಬಿಡಿಸಿ. ಗಿಡ ಬೋಳಾಗಿ ಕಂಡಾಗ ಹೆದರಬೇಡಿ. ಬೇಸಿಗೆಯ ರಾಶಿ ಹೂ ಬರುವುದು ಈ ಬೋಳಿನಿಂದಲೇ. ಜಾಜಿಗೂ ಡಿಸೆಂಬರ್, ಜನವರಿ ಸರಿ. ಸೂಜಿಮಲ್ಲಿಗೆಯನ್ನು ಜನವರಿ ಕೊನೆಯ ತನಕ ಮುಟ್ಟಬೇಡಿ.

ದಾಸವಾಳ, ಕರಿಬೇವಿಗೆ ಚಳಿ ಮುಗಿದ ಫೆಬ್ರವರಿ ಕೊನೆ. ದಾಸವಾಳವನ್ನು ಮೂರನೇ ಒಂದು ಭಾಗದಷ್ಟು ಇಳಿಸಿದರೆ ಸಾಕು. ತುದಿಗಳಲ್ಲಿ ಬಿಳಿ ಹಿಟ್ಟು ತಿಗಣೆ ಗೂಡುಕಟ್ಟಿದ್ದರೆ ಆ ತುದಿಗಳನ್ನು ಚೀಲದೊಳಗೆ ಹಾಕಿಕೊಂಡೇ ಕತ್ತರಿಸಿ, ಕಾಂಪೋಸ್ಟ್ ಗುಂಡಿಗೆ ಎಸೆಯಬೇಡಿ. ಕರಿಬೇವು ಕೋಲಿನಂತೆ ಉದ್ದ ಹೋಗಿದ್ದರೆ ಒಂದು ಮೀಟರ್ ಎತ್ತರದಲ್ಲಿ ತಲೆ ತೆಗೆಯಿರಿ. ಹೂಗೊಂಚಲು ಕಂಡಾಗಲೆಲ್ಲ ಚಿವುಟಿ, ಇಲ್ಲದಿದ್ದರೆ ಗಿಡದ ಶಕ್ತಿಯೆಲ್ಲ ಕಾಯಿಗೆ ಹೋಗುತ್ತದೆ. ಕಾಗದದ ಹೂವನ್ನು ಮಳೆ ನಿಂತ ಮೇಲೆ ಸವರಿ, ನೀರು ಬಿಗಿಹಿಡಿಯಿರಿ. ದಿನಾ ನೀರು ಕಂಡರೆ ಅದು ಮುಳ್ಳು, ಎಲೆ ಬೆಳೆಸಿಕೊಂಡು ಆರಾಮವಾಗಿರುತ್ತದೆ, ಬಣ್ಣ ತೋರಿಸುವುದಿಲ್ಲ. ಪಾರಿಜಾತಕ್ಕೆ ಹೂವೆಲ್ಲ ಮುಗಿದ ಜನವರಿ, ಫೆಬ್ರವರಿ. ಸಂಪಿಗೆಯನ್ನು ಸುಮ್ಮನೆ ಬಿಡಿ; ಒಣಕೊಂಬೆ ತೆಗೆಯುವುದರ ಹೊರತು ಅದಕ್ಕೆ ಕತ್ತರಿ ಬೇಡ. ಸಪೋಟಕ್ಕೂ ಅಷ್ಟೇ.

ಸೀಬೆಯಲ್ಲಿ ಒಂದು ಉಪಾಯವಿದೆ. ಮಳೆಗಾಲದ ಸೀಬೆ ಸಪ್ಪೆ, ಹಣ್ಣುನೊಣದ ಹುಳು ಬೇರೆ. ಚಳಿಗಾಲದ್ದು ರುಚಿ. ಮೇ ತಿಂಗಳಲ್ಲಿ ಕೊಂಬೆಗಳ ತುದಿಯನ್ನು ಮೂರನೇ ಒಂದು ಭಾಗ ಕತ್ತರಿಸಿ, ಇರುವ ಹೂ ಹೀಚುಗಳನ್ನು ಉದುರಿಸಿಬಿಡಿ. ಜೂನ್, ಜುಲೈನಲ್ಲಿ ಹೊಸ ಚಿಗುರಿನ ಜೊತೆ ಹೂ ಬಂದು ನವೆಂಬರ್‌ನಿಂದ ಹಣ್ಣು ಸಿಗುತ್ತದೆ.

ಮಾವನ್ನು ಹಣ್ಣು ಕೊಯ್ದ ಎರಡು ಮೂರು ವಾರದೊಳಗೆ, ಜುಲೈ ದಾಟದಂತೆ ಸವರಿ. ಆಮೇಲೆ ಬಂದ ಚಿಗುರು ಬಲಿಯಲು ತಿಂಗಳುಗಳು ಬೇಕು; ಬಲಿತದ್ದು ಮಾತ್ರ ಡಿಸೆಂಬರ್, ಜನವರಿಯಲ್ಲಿ ಹೂ ಬಿಡುತ್ತದೆ. ದಸರಾ ರಜೆಯಲ್ಲಿ ಬಿಡುವು ಸಿಕ್ಕಿತೆಂದು ಮಾವಿಗೆ ಕತ್ತರಿ ಹಾಕುವವರು ಹೆಚ್ಚು. ಸಂಕ್ರಾಂತಿಗೆ ಅವರ ಮರದ ತುಂಬ ತಾಮ್ರಬಣ್ಣದ ಎಳೆ ಎಲೆ ಇರುತ್ತದೆ, ಹೂ ಮಾತ್ರ ಇಲ್ಲ. ಮಾವಿಗೆ ತುದಿಗಳಿಗಿಂತ ನಡು ತೆರೆಯುವುದು ಮುಖ್ಯ: ಮಧ್ಯದಲ್ಲಿ ನೆಟ್ಟಗೆ ಎದ್ದ ಒಂದೆರಡು ಕೊಂಬೆ ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಿ.

ಕರಾವಳಿ

ಇಲ್ಲಿ ಮುಂಗಾರು ಬಂದ ಮೇಲೆ ಗಾಯ ಒಣಗುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಕೊಂಬೆಗೆ ಕತ್ತಿ ತಾಗಿಸಬಾರದು. ಸುರಿಯುವ ನೀರಿನ ಜೊತೆ ಶಿಲೀಂಧ್ರ ಸೀದಾ ಗಾಯದೊಳಗೆ ಇಳಿಯುತ್ತದೆ. ನುಗ್ಗೆಯಂಥ ಮೆದು ಮರ, ದೇವಕಣಗಿಲೆಯಂಥ ಹಾಲುಗಿಡ ಕೆಲವೇ ವಾರದಲ್ಲಿ ಕೊಳೆಯಬಹುದು. ಕೇಪಳ, ದಾಸವಾಳ, ನಂದಿಬಟ್ಟಲಿಗೆ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಮಾವು ಇಲ್ಲಿ ಬೇಗ ಕೊಯ್ಲಿಗೆ ಬರುವುದರಿಂದ ಮೇ ಎರಡನೇ, ಮೂರನೇ ವಾರದೊಳಗೆ ಸವರಿ ಮುಗಿಸಿ. ಮೃಗಶಿರ ಮಳೆ ಹಿಡಿಯುವ ಮುನ್ನ ಗಾಯಕ್ಕೆ ಹದಿನೈದು ದಿನ ಬಿಸಿಲು ಸಿಗಬೇಕು. ಆ ಅವಧಿ ತಪ್ಪಿತೇ, ಆ ವರ್ಷ ಒಣಕೊಂಬೆ ಮಾತ್ರ ತೆಗೆದು ಸುಮ್ಮನಿರಿ. ಮಳೆಗಾಲದಲ್ಲಿ ಬೇಲಿ ಗಿಡದ ಹಸಿ ತುದಿ ಕತ್ತರಿಸುವುದಕ್ಕೆ ಅಡ್ಡಿಯಿಲ್ಲ, ಮರಗಟ್ಟಿದ ಭಾಗಕ್ಕೆ ಇಳಿಯದಿದ್ದರಾಯಿತು.

ಮಲೆನಾಡು, ಕೊಡಗು

ತೋಟದವರಿಗೆ ಮರಗಸಿ ಹೊಸತಲ್ಲ. ಕಾಫಿಯ ಮೇಲಿನ ನೆರಳನ್ನು ಮುಂಗಾರು ಜೋರಾಗುವ ಮುನ್ನ ತೆಳುಮಾಡುವುದು ಮಳೆಗಾಲದಲ್ಲಿ ಬೆಳಕು, ಗಾಳಿ ಆಡಲಿ, ಕೊಳೆರೋಗ ಹಿಡಿಯದಿರಲಿ ಎಂದು. ಕಾಫಿ ಗಿಡದ ಕಸಿ ನಡೆಯುವುದು ಹಣ್ಣು ಕೊಯ್ದ ಮೇಲೆ. (ಬಯಲುಸೀಮೆಯವರಿಗೆ ‘ಕಸಿ’ ಅಂದರೆ ಕಡ್ಡಿ ಕಟ್ಟುವುದು; ಇಲ್ಲಿ ಸವರುವುದು. ಮಲೆನಾಡಿನ ಆಳಿಗೆ ‘ಗುಲಾಬಿ ಕಸಿ ಮಾಡು’ ಎಂದು ಹೇಳುವ ಮೊದಲು ಇದು ನೆನಪಿರಲಿ.) ಮನೆಯಂಗಳದ ಗಿಡಗಳಿಗೂ ಇದೇ ತರ್ಕ: ಮಂಜು, ಮಳೆಯ ಊರಿನಲ್ಲಿ ಎತ್ತರ ಇಳಿಸುವುದಕ್ಕಿಂತ ನಡು ಬಿಡಿಸುವುದು ಮುಖ್ಯ. ಹೈಡ್ರೇಂಜಿಯಾದ ಹೂ ಬಾಡಿದೊಡನೆ ಹೂವಿನ ಕೆಳಗಿನ ಮೊದಲ ದಪ್ಪ ಜೋಡಿಕಣ್ಣಿನ ಮೇಲೆ ಕತ್ತರಿಸಿ, ಅಷ್ಟೇ. ಚಳಿಗಾಲದಲ್ಲಿ ಗಿಡ ಚೆಂದ ಕಾಣಲಿ ಎಂದು ಸಮ ಮಾಡಿದರೆ ಮುಂದಿನ ಹೂ ಹೋಯಿತು.

ಕಲಬುರಗಿ, ರಾಯಚೂರು, ವಿಜಯಪುರ

ಇಲ್ಲಿ ಹೆದರಬೇಕಾದ್ದು ನೀರಿಗಲ್ಲ, ಬಿಸಿಲಿಗೆ. 40 ಡಿಗ್ರಿ ದಾಟುವ ಮಾರ್ಚ್‌ನಿಂದ ಮೇ ತನಕ ನೆರಳು ಕೊಡುವ ಕೊಂಬೆ ತೆಗೆದರೆ ಅದರಡಿ ಇಷ್ಟು ದಿನ ತಂಪಾಗಿದ್ದ ತೊಗಟೆಗೆ ನೇರ ಬಿಸಿಲು ಬಿದ್ದು ಸುಡುತ್ತದೆ. ಪಶ್ಚಿಮ ಬದಿಯಲ್ಲಿ ತೊಗಟೆ ಸೀಳಿ ಎದ್ದರೆ ಅದೇ ಕಾರಣ. ಆ ಸೀಳಿನಲ್ಲಿ ಕಾಂಡಕೊರಕ ಹುಳು ಮನೆಮಾಡುತ್ತದೆ. ತೆಗೆಯಲೇಬೇಕಾದ ಕೊಂಬೆ ಇದ್ದರೆ ತೆಗೆದ ದಿನವೇ ಬಯಲಾದ ಕಾಂಡಕ್ಕೆ ಸುಣ್ಣ ಬಳಿಯಿರಿ. ಒಳ್ಳೆಯ ಕಾಲ ಎಂದರೆ ಮೊದಲ ಮಳೆ ಬಿದ್ದು ನೆಲ ತಂಪಾದ ಜೂನ್ ಕೊನೆ, ಜುಲೈ. ಹಗುರ ಕೆಲಸಕ್ಕೆ ಡಿಸೆಂಬರ್, ಜನವರಿ. ಮಳೆ ಕಡಿಮೆ ಇರುವುದರಿಂದ ಇಲ್ಲಿ ಗಾಯ ಕೊಳೆಯುವ ಭಯ ಅಷ್ಟಿಲ್ಲ.

ದಾಳಿಂಬೆಗೆ ಮಾತ್ರ ಇದು ಅನ್ವಯಿಸದು. ದುಂಡಾಣು ಅಂಗಮಾರಿ ಮಳೆಹನಿ ಸಿಡಿಯುವುದರಿಂದ, ಕತ್ತರಿಯ ಅಲಗಿನಿಂದ ಹರಡುತ್ತದೆ. ಎಲೆ ಒದ್ದೆ ಇದ್ದಾಗ ಸವರಲೇಬಾರದು. ಮಳೆ ನಿಂತ ಮೇಲೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿಸಲ ಅಲಗನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು ಸವರಿ. ನಿಂಬೆಯ ಕಜ್ಜಿರೋಗಕ್ಕೂ ಇದೇ ಎಚ್ಚರ.

ಹಿಮ ಬೀಳುವ ಊರಿನಲ್ಲಿರುವವರಿಗೆ

ಅಲ್ಲಿ ಲೆಕ್ಕ ತಲೆಕೆಳಗು. ಶರತ್ಕಾಲದಲ್ಲಿ ಸವರಿದರೆ ಹೊರಡುವ ಎಳೆ ಚಿಗುರನ್ನು ಮೊದಲ ಹಿಮವೇ ಸುಟ್ಟುಹಾಕುತ್ತದೆ. ಗುಲಾಬಿಯನ್ನು ಚಳಿಗಾಲದ ಕೊನೆಗೆ, ಕಣ್ಣುಗಳು ಉಬ್ಬತೊಡಗಿದಾಗ ಸವರಿ. ಹಳದಿ ಹೂವಿನ ಫೋರ್ಸಿಥಿಯಾ ಅರಳುವ ಹೊತ್ತೇ ಇದಕ್ಕೆ ಗುರುತು. ಲೈಲಾಕ್, ಫೋರ್ಸಿಥಿಯಾ ಹಳೆ ಕಡ್ಡಿಯಲ್ಲಿ ಹೂಬಿಡುವಂಥವು, ಹೂ ಮುಗಿದ ಮೇಲೇ ಕತ್ತರಿ. ಬ್ರಿಟನ್ನಿನಲ್ಲಿ ಚೆರಿ, ಪ್ಲಮ್ ಮರಗಳನ್ನು ಬೇಸಿಗೆಯಲ್ಲೇ ಸವರುತ್ತಾರೆ, ಚಳಿಗಾಲದ ಗಾಯಕ್ಕೆ ಬೆಳ್ಳಿಎಲೆ ರೋಗ ತಗಲುವುದರಿಂದ. ಆಸ್ಟ್ರೇಲಿಯಾದಲ್ಲಿರುವವರು ಗುಲಾಬಿಗೆ ಜುಲೈ, ಆಗಸ್ಟ್ ಎಂದುಕೊಳ್ಳಿ. ಕುಂಡದಲ್ಲಿ ಮನೆಯೊಳಗೆ ಚಳಿ ಕಳೆದ ಕರಿಬೇವನ್ನು ವಸಂತದಲ್ಲಿ ಹೊರಗಿಡುವಾಗ ಸವರಿದರೆ ಸಾಕು.

ದಪ್ಪ ಕೊಂಬೆ ತೆಗೆಯುವಾಗ

ಎರಡು ಸೆಂ.ಮೀ.ವರೆಗೆ ಕೈಕತ್ತರಿ, ನಾಲ್ಕರವರೆಗೆ ಉದ್ದ ಹಿಡಿಯ ಕತ್ತರಿ, ಮೇಲಿನದಕ್ಕೆ ಗರಗಸ. ಮಚ್ಚಿನಲ್ಲಿ ಕೊಚ್ಚಿದರೆ ತೊಗಟೆ ಜಜ್ಜಿಹೋಗಿ ನೀರು ನಿಲ್ಲುವ ಸೀಳುಗಳಾಗುತ್ತವೆ. ಒಂದಲಗು ಇನ್ನೊಂದರ ಪಕ್ಕದಲ್ಲಿ ಜಾರುವ ಕತ್ತರಿ ಕೊಳ್ಳಿ. ಅಲಗು ಮಣೆಯ ಮೇಲೆ ಕೂರುವ ಬಗೆ ಹಸಿಕಡ್ಡಿಯನ್ನು ಜಜ್ಜುತ್ತದೆ.

ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ ಅದು ತನ್ನ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಕೆಳಗಿನ ತನಕ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಬದಿಯಿಂದ, ದಪ್ಪದ ಮೂರನೇ ಒಂದು ಭಾಗ. ಎರಡನೆಯದು ಅದರಿಂದ ಎರಡಿಂಚು ಇನ್ನೂ ಆಚೆ, ಮೇಲಿನಿಂದ. ಕೊಂಬೆ ಚಿಟ್ಟೆಂದು ಮುರಿದು ಬೀಳುತ್ತದೆ, ಸಿಪ್ಪೆ ಮೊದಲ ಕೊಯ್ತದಲ್ಲೇ ನಿಲ್ಲುತ್ತದೆ. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ ತೆಗೆಯಿರಿ. ಇದೇ ಸೂಕ್ಷ್ಮದ ಕೆಲಸ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಒಂದು ಉಬ್ಬಿರುತ್ತದೆ. ಕೊಯ್ತ ಆ ಉಬ್ಬಿನ ಹೊರಗೆ, ಅದಕ್ಕೆ ತಾಗುವಷ್ಟು ಹತ್ತಿರ ಇರಬೇಕು, ಉಬ್ಬನ್ನು ಕೊಯ್ಯಬಾರದು. ಮರ ನಮ್ಮ ಚರ್ಮದಂತೆ ಗಾಯ ಮಾಯಿಸುವುದಿಲ್ಲ. ಕೊಳೆ ಒಳಗೆ ಹರಡದಂತೆ ಗೋಡೆ ಕಟ್ಟಿಕೊಂಡು ಮೇಲೆ ಹೊಸ ಮರ ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೀಗೊ ಸಾವಿರಾರು ಕಾಂಡಗಳನ್ನು ಉದ್ದಕ್ಕೆ ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಆ ಗೋಡೆ ಏಳುವುದು ಉಬ್ಬಿನಲ್ಲಿ. ನುಣ್ಣಗೆ ಕಾಣಲಿ ಎಂದು ಕಾಂಡಕ್ಕೆ ಸಮನಾಗಿ ಕೊಯ್ದವರು ಗೋಡೆಯನ್ನೇ ಕಿತ್ತಂತಾಯಿತು. ಮೋಟು ಉದ್ದ ಬಿಟ್ಟವರದು ಇನ್ನೊಂದು ತಪ್ಪು: ಅದು ಒಣಗಿ ಬತ್ತಿಯಂತೆ ಕೊಳೆಯನ್ನು ಒಳಗೆಳೆಯುತ್ತದೆ.

ಒಂದು ವರ್ಷದಲ್ಲಿ ಎಲೆಯ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಮಲ್ಲಿಗೆ, ಗುಲಾಬಿಯಂಥ ಪೊದೆಗಳಿಗೆ ಈ ಮಿತಿ ಇಲ್ಲ. ಮರದ ತಲೆಯನ್ನೇ ಹಾರಿಸಿದರೆ ಬರುವ ಗುಂಪು ಚಿಗುರು ತೊಗಟೆಯ ಮೇಲಷ್ಟೇ ಅಂಟಿಕೊಂಡಿರುತ್ತದೆ, ದಪ್ಪವಾದ ಮೇಲೆ ಗಾಳಿಗೆ ಕಳಚಿ ಬೀಳುತ್ತದೆ.

ಗಾಯಕ್ಕೆ ಬೋರ್ಡೋ ಮುಲಾಮು

ಬಣ್ಣ, ಟಾರು, ಸಗಣಿ ಯಾವುದೂ ಗಾಯ ಬೇಗ ಮುಚ್ಚಲು ನೆರವಾಗುವುದಿಲ್ಲ. ಒಣ ಊರಿನಲ್ಲಿ ಏನೂ ಹಚ್ಚದಿದ್ದರೂ ನಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ, ಮತ್ತು ಎಲ್ಲ ಕಡೆ ಗುಲಾಬಿಯ ತುದಿಗಳಿಗೆ, ತಾಮ್ರದ ಮುಲಾಮು ಒಳ್ಳೆಯದು. ಅಡಿಕೆಗೆ ಸಿಂಪಡಿಸುವ ಬೋರ್ಡೋ ಗೊತ್ತಿದ್ದವರಿಗೆ ಇದು ಅದರ ಗಟ್ಟಿ ರೂಪ.

ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ, ನೀರು ಒಟ್ಟು ಒಂದು ಲೀಟರ್. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ತೂಗುಬಿಡಿ. ತಳಕ್ಕೆ ಹಾಕಿದರೆ ಕರಗದೆ ಕೂರುತ್ತದೆ. ಬೆಳಗ್ಗೆ ಬೇರೆ ಪಾತ್ರೆಯಲ್ಲಿ ಸುಣ್ಣಕ್ಕೆ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಕುದಿಯುವಷ್ಟು ಬಿಸಿಯಾಗುತ್ತದೆ, ಮುಖ ದೂರವಿರಲಿ. ತಣ್ಣಗಾದ ಮೇಲೆ ಉಳಿದ ನೀರು ಸೇರಿಸಿ ಸೋಸಿ. ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯುತ್ತಾ ಕೋಲಿನಿಂದ ತಿರುವಿ. ಪಾತ್ರೆಗಳೆಲ್ಲ ಪ್ಲಾಸ್ಟಿಕ್ ಅಥವಾ ಮಣ್ಣಿನವು, ಕಬ್ಬಿಣ ಬೇಡ. ಆಕಾಶನೀಲಿ ಬಣ್ಣ ಬಂದ ಮೇಲೆ ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕಂಡರೆ ತಾಮ್ರ ಹೆಚ್ಚಾಗಿದೆ, ಗಿಡ ಸುಡುತ್ತದೆ. ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಿ. ಕೈಗವಸು ಹಾಕಿಕೊಂಡು ಹಳೆ ಬ್ರಷ್‌ನಿಂದ ಹಚ್ಚಿ, ಅಂದೇ ಮುಗಿಸಿ. ಮರುದಿನಕ್ಕೆ ಅದರ ಗುಣ ಇರುವುದಿಲ್ಲ. ಮಿಕ್ಕಿದ್ದನ್ನು ಮೀನಿರುವ ಕೆರೆ, ತೊರೆಗೆ ಚೆಲ್ಲಬೇಡಿ. ಇಷ್ಟು ರಗಳೆ ಬೇಡವೆಂದರೆ ಗೊಬ್ಬರದಂಗಡಿಯ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಹಚ್ಚಬಹುದು.

ಕಣಗಿಲೆ ಸವರುವ ದಿನ ಬೇರೆ ಎಚ್ಚರ ಬೇಕು. ಅದರ ಎಲೆ, ಕಡ್ಡಿ, ರಸ ಎಲ್ಲವೂ ವಿಷ. ಕಡ್ಡಿಯನ್ನು ಸುಡಬೇಡಿ, ದನದ ಬಾಯಿಗೆ ಸಿಗುವಂತೆ ಬೇಲಿಯಾಚೆ ಎಸೆಯಬೇಡಿ, ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ದೇವಕಣಗಿಲೆಯನ್ನು ಎಲೆ ಉದುರಿದ ಜನವರಿ, ಫೆಬ್ರವರಿಯಲ್ಲಿ, ಅತಿಯಾಗಿ ಬೆಳೆದಿದ್ದರೆ ಮಾತ್ರ ಸವರಿ. ಕತ್ತರಿಸಿದ ತುಂಡಿಗೆ ಒಂದು ವಾರ ನೆರಳಲ್ಲಿ ಹಾಲು ಒಣಗಿಸಿ ನೆಟ್ಟರೆ ಹೊಸ ಗಿಡ; ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ.

ಬೆಂಗಳೂರಿನ ಗುಲ್‌ಮೊಹರ್, ಸ್ಪಾಥೋಡಿಯಾದಂಥ ದೊಡ್ಡ ಮರಗಳ ಒಣಕೊಂಬೆಗಳನ್ನು ಮಾರ್ಚ್ ಮುಗಿಯುವ ಮೊದಲೇ ಇಳಿಸಿಬಿಡಿ, ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿಗೆ ಮೊದಲು ಮುರಿಯುವುದು ಅವೇ. ಗೂಡಿದೆಯೇ ಎಂದು ಹತ್ತುವ ಮುನ್ನ ನೋಡಿ. ತಂತಿಗೆ ತಾಗಿದ ಕೊಂಬೆಗೆ ನೀವಾಗಿ ಕೈಹಾಕಬೇಡಿ, ವಿದ್ಯುತ್ ಕಂಪನಿಯವರು ಲೈನ್ ಬಂದ್ ಮಾಡಿಸಿ ಕತ್ತರಿಸಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ನಿಮ್ಮದೇ ಜಾಗದಲ್ಲಿದ್ದರೂ ದಪ್ಪ ಕೊಂಬೆಗಳನ್ನು ಇಳಿಸುವ ಮೊದಲು ಒಮ್ಮೆ ವಿಚಾರಿಸಿ, ಆಮೇಲೆ ಆಳುಗಳನ್ನು ಕರೆಸಿ.